ಹಗುರ ರಥದ ಹಾದಿ

ಕೊಲ್ಲೂರಿನಿಂದ ಘಟ್ಟವನ್ನೇರಿ ಕೊಡಚಾದ್ರಿಗೆ ಹೋಗಿಬಂದವರಿಗೆ ಒಂದು ತತ್ತ್ವ ಹೇಳದೆಯೇ ತಿಳಿದಿರುವುದು: ಗಾಡಿಯ ಯೋಗ್ಯತೆಯನ್ನು ನಿರ್ಣಯಿಸುವುದು ಹಾದಿ. ಬಯಲಿನಲ್ಲಿ ಮೆರೆದ ದೊಡ್ಡ ಬಸ್ಸು ಕೆಳಗೇ ನಿಲ್ಲುವುದು. ಪುಟ್ಟ ಜೀಪು ಕಲ್ಲುಮಣ್ಣಿನ ಏರನ್ನು ಹತ್ತುವುದು. ಎರಡು ಮಹಾಯುದ್ಧಗಳ ನಡುವೆ ಹುಟ್ಟಿದ ಹಗುರ ಟ್ಯಾಂಕುಗಳಿಗೂ ಇದೇ ಅಳತೆಗೋಲು ಸಲ್ಲುವುದು.

1918ರಲ್ಲಿ ಯುದ್ಧ ಮುಗಿದಾಗ ಗೆದ್ದವರ ಬೊಕ್ಕಸವೂ ಬರಿದಾಗಿತ್ತು. ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕೆಂಬ ನೀತಿ ಸೇನೆಗಳಿಗೂ ಅನಿವಾರ್ಯವಾಯಿತು. 1925ರಲ್ಲಿ ಮಾರ್ಟೆಲ್ ಎಂಬ ಆಂಗ್ಲ ಸೇನಾಧಿಕಾರಿ ತನ್ನ ಮನೆಯ ಮೋಟಾರು ಕೊಟ್ಟಿಗೆಯಲ್ಲಿಯೇ ಒಬ್ಬನು ಕೂಡುವ ಟ್ಯಾಂಕೊಂದನ್ನು ಕಟ್ಟಿದನು. ಕಾರ್ಡನ್ ಮತ್ತು ಲಾಯ್ಡ್ ಎಂಬವರೂ ಅದೇ ಪ್ರಯೋಗಕ್ಕೆ ತೊಡಗಿದರು. 1928ರಲ್ಲಿ ಅವರ ಉದ್ಯಮವು ವಿಕರ್ಸ್ ಕಂಪೆನಿಯ ಕೈಸೇರಿತು. ಓಡಿಸುವುದೂ ಗುಂಡು ಹಾರಿಸುವುದೂ ಒಬ್ಬನಿಂದಲೇ ಆಗದೆಂದು ಕಂಡು, ಇಬ್ಬರು, ಕಡೆಗೆ ಮೂವರು ಕೂಡುವಂತಾಯಿತು. 1936ರ ಸುಮಾರಿಗೆ ಬಂದ ಆರನೆಯ ಮಾದರಿಯ ತೂಕ ಐದು ಟನ್ನಿನಷ್ಟು. ಕವಚದ ದಪ್ಪ ಅರ್ಧ ಅಂಗುಲವನ್ನು ಹೆಚ್ಚು ಮೀರದು. ಬಂದೂಕಿನ ಗುಂಡಿಗೆ ಅದು ತಡೆ, ಫಿರಂಗಿಗೆ ಅಲ್ಲ.

1935ರಲ್ಲಿ ವಾಯವ್ಯ ಗಡಿಯ ಮೊಹ್ಮಂದ್ ದಂಡಯಾತ್ರೆಯಲ್ಲಿ ಬಂದೂಕುಗಳೆದುರು ಇಂಥ ಹಗುರ ಟ್ಯಾಂಕು ಸಾಕಾಯಿತು. 1940ರಲ್ಲಿ ಫ್ರಾನ್ಸಿನ ಬಯಲಿನಲ್ಲಿ ಬ್ರಿಟಿಷರ ಟ್ಯಾಂಕುಗಳಲ್ಲಿ ಹೆಚ್ಚಿನವು ಹಗುರವಾದವುಗಳೇ. ಜರ್ಮನರ ಫಿರಂಗಿಗಳೆದುರು ಆ ತೆಳು ಉಕ್ಕು ನಿಲ್ಲಲಿಲ್ಲ. ಮಿತವ್ಯಯದ ಬೆಲೆಯನ್ನು ತೆತ್ತವರು ಲೆಕ್ಕ ಬರೆದವರಲ್ಲ, ಒಳಗೆ ಕುಳಿತವರು.

ಆದರೂ ಹಗುರತನದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಮೆರಿಕೆಯಲ್ಲಿ ಅದೇ ದಶಕದ ಪ್ರಯೋಗಗಳಿಂದ ಬೆಳೆದುಬಂದ ಸ್ಟುವರ್ಟ್ ಟ್ಯಾಂಕು, ಯುರೋಪಿನ ರಣರಂಗದಲ್ಲಿ ಹಿಂದೆಬಿದ್ದ ಮೇಲೆಯೂ, ಭಾರತದ 7ನೆಯ ಲಘು ಅಶ್ವದಳದಲ್ಲಿ ಉಳಿದಿತ್ತು. 1948ರಲ್ಲಿ ಕಾಶ್ಮೀರದ ಜೋಜಿಲಾ ಕಣಿವೆ ಎದುರಾಳಿಗಳ ವಶವಾಗಿ ಲೇಹಿನ ದಾರಿ ಮುಚ್ಚಿತ್ತು. ಮಡಿಕೇರಿಯಲ್ಲಿ ಜನಿಸಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು ಸುಮಾರು 11,500 ಅಡಿಯ ಆ ಎತ್ತರಕ್ಕೆ ಟ್ಯಾಂಕುಗಳನ್ನೇ ಒಯ್ಯಲು ನಿಶ್ಚಯಿಸಿದರು. ಗುಟ್ಟು ಬಯಲಾಗದಂತೆ ಅವುಗಳ ಗೋಪುರಗಳನ್ನು ಕಳಚಿ ಶ್ರೀನಗರಕ್ಕೆ ಸಾಗಿಸಿದರು. ಬೆಂಗಳೂರಿನಲ್ಲಿ ನೆಲೆಯುಳ್ಳ ಮದರಾಸು ಸ್ಯಾಪರರು ಹೇಸರಗತ್ತೆಯ ಹಾದಿಯನ್ನು ಅಗಲಿಸಿಕೊಟ್ಟರು. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಏರಿಬಂದಾಗ, ಅವುಗಳನ್ನು ನಿರೀಕ್ಷಿಸಿರದ ಎದುರಾಳಿಗಳು ಹಿಮ್ಮೆಟ್ಟಿದರು. ಆ ತಿಂಗಳೊಳಗೆ ಕಾರ್ಗಿಲ್ಲೂ ಕೈಸೇರಿತು.

ಒಂದೆಡೆ ಪ್ರಾಣ ತೆಗೆದ ಹಗುರತನವೇ ಇನ್ನೊಂದೆಡೆ ದಾರಿ ತೆರೆಯಿತು. ಉಕ್ಕಿಗೆ ವಿವೇಕವಿಲ್ಲ, ಅದನ್ನು ಎಲ್ಲಿಗೆ ಕಳುಹಬೇಕೆಂದು ತಿಳಿಯುವುದು, ಮೊದಲು ಹಾದಿಯನ್ನು ಕಟ್ಟುವುದು, ಮನುಷ್ಯನ ಹೊಣೆ.