ಗ್ರಿಡ್ ಅಂದ್ರೆ ಯಾವೂರು?

ಮೂರನೇ ಸೆಮ್ ಮುಗಿದ ರಜೆಯಲ್ಲಿ ನಾವು ನಾಲ್ಕು ಜನ ಎಲೆಕ್ಟ್ರಿಕಲ್‌ನವರು ಪಾವಗಡದ ಸೋಲಾರ್ ಪಾರ್ಕ್ ನೋಡೋಕೆ ಹೋಗಿದ್ವಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನನ್ನು ಕೊಂಡಿದ್ದಲ್ಲ, ರೈತರಿಂದ ಗುತ್ತಿಗೆಗೆ ಪಡೆದಿದ್ದು. ಕಣ್ಣು ಹಾಯಿಸಿದಷ್ಟು ದೂರ ಬರೀ ಪ್ಯಾನೆಲ್‌ಗಳು. ಸೆಲ್ಫಿ ಆಯ್ತು, ಸ್ಟೇಟಸ್ ಆಯ್ತು.

ತಿರುಮಣಿ ಹತ್ತಿರ ಬಸ್ಸಿಗೆ ಕಾಯ್ತಿದ್ದಾಗ ಕುರಿ ಮೇಯಿಸ್ತಿದ್ದ ಅಜ್ಜಿಯೊಬ್ಬರು ಕೇಳಿದರು, "ಈ ಕರೆಂಟು ಯಾವೂರಿಗೆ ಹೋಗ್ತೈತಪ್ಪಾ?"

"ಗ್ರಿಡ್‌ಗೆ ಹೋಗುತ್ತೆ ಅಜ್ಜಿ."

"ಗ್ರಿಡ್ ಅಂದ್ರೆ ಯಾವೂರು?"

ನಾವು ನಕ್ಕೆವು. ಉತ್ತರ ಹೇಳೋಕೆ ಹೊರಟು ತಡವರಿಸಿದೆವು. ಸಬ್‌ಸ್ಟೇಷನ್, ಟ್ರಾನ್ಸ್‌ಮಿಷನ್, ಲೋಡ್: ಬಾಯಿಗೆ ಬಂದ ಪದಗಳೆಲ್ಲ ಪರೀಕ್ಷೆಯಲ್ಲಿ ಮಾರ್ಕ್ಸ್ ತರುವಂಥವು, ಅಜ್ಜಿಗೆ ಒಂದೂ ಉಪಯೋಗಕ್ಕೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಅವರೇ ಇನ್ನೊಂದು ಕೇಳಿದರು. "ನೆಲ ಇದ್ದೋರಿಗೆ ಬಾಡ್ಗೆ ಬರ್ತೈತೆ. ಕುರಿ ಇದ್ದೋರಿಗೆ ಏನ್ ಬರ್ತೈತೆ?" ಇದಂತೂ ನಮ್ಮ ಸಿಲಬಸ್‌ನಲ್ಲೇ ಇಲ್ಲ.

ವಾಪಸ್ ಬರೋವಾಗ ಬಸ್ಸಲ್ಲಿ ಮೊದಲನೇ ಪ್ರಶ್ನೆಗೆ ಉತ್ತರ ಹೊಳೀತು. ಹತ್ತಾರು ಹಳ್ಳಗಳ ನೀರು ಒಂದೇ ಕೆರೆಗೆ ಬಿದ್ದ ಹಾಗೆ ಗ್ರಿಡ್. ತೂಬಿನಿಂದ ಹೊರಬಂದದ್ದು ಯಾವ ಹಳ್ಳದ ನೀರು ಅಂತ ಹೇಳೋಕಾಗಲ್ಲ. ವ್ಯತ್ಯಾಸ ಇಷ್ಟೇ: ಕೆರೆಯಲ್ಲಿ ನೀರು ನಿಲ್ಲುತ್ತೆ, ಗ್ರಿಡ್‌ನಲ್ಲಿ ಕರೆಂಟ್ ನಿಲ್ಲಲ್ಲ, ಹುಟ್ಟಿದ ಕ್ಷಣವೇ ಬಳಕೆಯಾಗಬೇಕು. ಇಷ್ಟು ಹೇಳೋಕೆ ನಮಗೆ ಮೂರು ಗಂಟೆ ಬೇಕಾಯ್ತು.

ಇದನ್ನೇ ಕೆಲಸವಾಗಿ ಮಾಡೋರಿದ್ದಾರೆ, ಪರಿಸರ ಮತ್ತು ಇಂಧನದ ಬಗ್ಗೆ ಬರೆಯುವ ಪತ್ರಕರ್ತರು. ಕನ್ನಡದಲ್ಲಿ ದಶಕಗಳಿಂದ ಬರೆಯುತ್ತಿರುವ ನಾಗೇಶ ಹೆಗಡೆಯವರು ಖರಗಪುರ ಐಐಟಿಯಲ್ಲಿ ಭೂವಿಜ್ಞಾನ ಓದಿದವರು. ಆಮೇಲೆ ಸೇರಿದ್ದು 'ಪ್ರಜಾವಾಣಿ'. ಅಂದರೆ ಈ ದಾರಿ ನಮ್ಮಂಥವರಿಗೂ ಮುಚ್ಚಿಲ್ಲ. "ದಿನಕ್ಕೆ 2,050 ಮೆಗಾವ್ಯಾಟ್ ಉತ್ಪಾದನೆ" ಅಂತ ಯಾರಾದರೂ ಬರೆದರೆ ತಪ್ಪು ನಮಗೆ ತಕ್ಷಣ ಕಾಣುತ್ತೆ. ಮೆಗಾವ್ಯಾಟ್ ಅನ್ನೋದು ಸಾಮರ್ಥ್ಯ; ಉತ್ಪಾದನೆಯನ್ನು ಅಳೆಯೋದು ಯೂನಿಟ್‌ನಲ್ಲಿ. ರಾತ್ರಿ, ಮೋಡ ಎಲ್ಲ ಕಳೆದು ಸಾಮರ್ಥ್ಯದ ಐದನೇ ಒಂದು ಪಾಲು ಸಿಗುತ್ತೆ ಅಂತ ಹಿಡಿದರೆ ದಿನಕ್ಕೆ ಸುಮಾರು ಒಂದು ಕೋಟಿ ಯೂನಿಟ್. ನಮಗೆ ಎರಡು ನಿಮಿಷದ ಲೆಕ್ಕ.

ಆದರೆ ಕುರಿಯ ಲೆಕ್ಕ? 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ದೊಡ್ಡ ಅಣೆಕಟ್ಟು, ಉಷ್ಣ ಸ್ಥಾವರಗಳಿಗೆ ಸಾರ್ವಜನಿಕ ವಿಚಾರಣೆಯ ನಿಯಮ ಇದೆ. ಸೋಲಾರ್ ಪ್ಯಾನೆಲ್ ಯೋಜನೆಗಳು ಅದರ ವ್ಯಾಪ್ತಿಗೆ ಬರಲ್ಲ. ಸೋಲಾರ್ ಬೇಡ ಅಂತಲ್ಲ, ಕಲ್ಲಿದ್ದಲಿಗಿಂತ ಎಷ್ಟೋ ಮೇಲು. ಆದರೆ ಅಜ್ಜಿ ಎದ್ದು ನಿಂತು ಕೇಳೋಕೆ ಆ ನಿಯಮದಡಿ ಒಂದು ಸಭೆಯೂ ಇಲ್ಲ. ಹಾಗಾದರೆ ಅವರ ಪ್ರಶ್ನೆಯನ್ನು ಹೊತ್ತು ತರೋರು ಯಾರು?

ನಮ್ಮಲ್ಲೊಬ್ಬಳು ಈ ಕೆಲಸಕ್ಕೇ ಹೋಗ್ತೀನಿ ಅಂತ ಮನೇಲಿ ಹೇಳಿದಳು. "ಇಷ್ಟು ಫೀಸ್ ಕಟ್ಟಿದ್ದು ಪೇಪರ್‌ಗೆ ಬರೆಯೋಕಾ?" ಅಂದರಂತೆ ಅವರಪ್ಪ. ಅದಕ್ಕೂ ನಮ್ಮ ಹತ್ತಿರ ಒಳ್ಳೆ ಉತ್ತರವಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಈ ಒಂದು ಪುಟ ಬರೆಯೋಕೆ ನಾಲ್ಕು ದಿನ ಹಿಡೀತು. ಒತ್ತಕ್ಷರ ತಿದ್ದಿಕೊಟ್ಟಿದ್ದು ಅವಳ ಅಮ್ಮ.

ಮುಂದಿನ ರಜೆಗೆ ಮತ್ತೆ ತಿರುಮಣಿಗೆ ಹೋಗ್ತೀವಿ. ಕೆರೆಯ ಉತ್ತರ ಅಜ್ಜಿಗೆ ಬಾಕಿ ಇದೆ. ಕುರಿಯ ಪ್ರಶ್ನೆಯನ್ನು ಯಾರ್ಯಾರಿಗೆ ಕೇಳಬೇಕು ಅಂತ ಈಗಲೇ ಪಟ್ಟಿ ಮಾಡ್ತಿದ್ದೀವಿ.