ಎರಡು ಹಲ್ಲುಗಳ ಲಾಭ

ಮೋಟಾರು ಕೆಲಸದವರ ಭಾಷೆಯಲ್ಲಿ ಒಂದು ಸೋಜಿಗವುಂಟು. ಹಿಂದಿನ ಡಿಫರೆನ್ಷಿಯಲ್ಲಿನಲ್ಲಿ 4.10ರ ಅನುಪಾತವಿದ್ದುದನ್ನು ತೆಗೆದು 4.30ರದನ್ನು ಕೂರಿಸಿದರೆ, ಅಂಕಿಯು ಬೆಳೆದರೂ ಗೇರು ‘ಗಿಡ್ಡ’ವಾಯಿತೆನ್ನುತ್ತಾರೆ. ಇಂಜಿನ್ನು ಒಂದು ಸುತ್ತು ಸುತ್ತುವಷ್ಟರಲ್ಲಿ ಗಾಡಿಯು ಕ್ರಮಿಸುವ ನೆಲವು ಕಡಮೆಯಾಯಿತು, ಆದುದರಿಂದ ಗಿಡ್ಡ. ಬೈಸಿಕಲ್ಲಿನ ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲುಗಳ ಗಾಲಿ ತೊಡಿಸಿ ದಿಣ್ಣೆ ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಳಿತವು ಹಗುರ, ಆದರೆ ಕಾಲು ಬೇಗ ಬೇಗ ಆಡಬೇಕು.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ನನ್ನ ಅಕ್ಕನ ಮಗನ ಬಳಿ 2013ರ ಸಯಾನ್ ಎಫ್‌ಆರ್-ಎಸ್ ಎಂಬ ಸ್ಪೋರ್ಟ್ಸ್ ಕಾರು ಇದೆ. ಟೊಯೊಟಾ ಮತ್ತು ಸುಬಾರು ಸಂಸ್ಥೆಗಳು ಕೂಡಿ ರೂಪಿಸಿದ ಗಾಡಿ. ಸಯಾನ್ ಎಂಬ ಹೆಸರು 2016ರಲ್ಲಿ ಅಳಿದ ಮೇಲೆ ಅದೇ ಗಾಡಿಯು ಅಮೆರಿಕದಲ್ಲಿ ಟೊಯೊಟಾ 86 ಎನಿಸಿಕೊಂಡಿತು. ಎರಡು ಲೀಟರಿನ ಇಂಜಿನ್ನು, 200 ಅಶ್ವಶಕ್ತಿ. ಚೆಲುವಾದ ಗಾಡಿಯೇ ಸರಿ. ಆದರೆ ನಿಮಿಷಕ್ಕೆ ಸುಮಾರು 3500ರಿಂದ 4500 ಸುತ್ತುಗಳ ನಡುವೆ ಅದರ ಎಳೆತವು ಕುಗ್ಗುತ್ತದೆ. ಸಾಂತಾ ಕ್ರೂಸಿಗೆ ಬೆಟ್ಟದ ಮೇಲೆ ಹಾದುಹೋಗುವ 17ನೆಯ ಹೆದ್ದಾರಿಯ ಏರಿನಲ್ಲಿ ಈ ಕೊರತೆಯು ಅವನನ್ನು ಪ್ರತಿದಿನವೂ ಕಾಡುತ್ತಿತ್ತು.

ನಾನು ಅಲ್ಲಿಗೆ ಹೋದಾಗ ಅವನ ಹೆಂಡತಿಗೆ ಏಳು ತಿಂಗಳು. ಹೆರಿಗೆಗೆಂದು ಕೂಡಿಟ್ಟ ಹಣದಿಂದ ಇಂಜಿನ್ನಿಗೆ ಸೂಪರ್‌ಚಾರ್ಜರ್ ಹಾಕಿಸಬೇಕೆಂದು ಇವನ ಹಟ; ಹಾಗಾದರೆ ಗಾಡಿಯನ್ನೇ ಮಾರಿಬಿಡಬೇಕೆಂದು ಆಕೆಯ ಹಟ. ಊಟದ ಹೊತ್ತಿನಲ್ಲಿ ಇಬ್ಬರೂ ನನ್ನೊಡನೆ ಮಾತಾಡುವರು, ತಮ್ಮತಮ್ಮಲ್ಲಿ ಆಡರು.

ಹಾಸನದ ಬಸ್ ಡಿಪೋವಿನ ವರ್ಕ್‌ಷಾಪಿನಲ್ಲಿ ಮೂವತ್ತು ವರ್ಷ ಕಳೆದವನು ನಾನು. ಶಿರಾಡಿ ಘಾಟಿ ಹತ್ತುವ ಗಾಡಿಗೆ ಬೇಕಾದುದು ಯಾವಾಗಲೂ ದೊಡ್ಡ ಇಂಜಿನ್ನೇ ಅಲ್ಲವೆಂಬುದನ್ನು ಬಲ್ಲೆ. ಕಾಗದ, ಪೆನ್ಸಿಲು ತರಿಸಿ ಲೆಕ್ಕ ಹಾಕಿದೆನು. ಆ ಬೆಟ್ಟದ ದಾರಿಯ ವೇಗಮಿತಿ ಗಂಟೆಗೆ 50 ಮೈಲಿ. ಮೂರನೆಯ ಗೇರಿನಲ್ಲಿ ಆ ವೇಗದಲ್ಲಿ ಇಂಜಿನ್ನು ಸುತ್ತುವುದು ಸುಮಾರು 4300, ಕೊರತೆಯ ತಗ್ಗಿನೊಳಗೇ. ಅನುಪಾತವನ್ನು 4.30 ಮಾಡಿದರೆ ಅದೇ ವೇಗದಲ್ಲಿ ಸುಮಾರು 4500, ತಗ್ಗಿನಿಂದ ಹೊರಕ್ಕೆ! ತಯಾರಕರೇ 2017ರ ಗಾಡಿಗೆ ಈ 4.30ನ್ನು ಕೊಟ್ಟಿದ್ದರು, ಆದರೆ ಕೈಯಿಂದ ಗೇರು ಬದಲಿಸುವ ಗಾಡಿಗೆ ಮಾತ್ರ.

ಹಳೆಯ ಗಾಡಿಗಳ ಅಂಗಳವೊಂದರಲ್ಲಿ ಅಂಥದೊಂದು ಡಿಫರೆನ್ಷಿಯಲ್ ಸಿಕ್ಕಿತು. ಬರಿಯ ಕ್ರೌನ್ ಮತ್ತು ಪಿನಿಯನ್ ಕೊಂಡರೆ ಅಗ್ಗವೆಂದು ಹುಡುಗನು ವಾದಿಸಿದ. ನಾನು ಒಪ್ಪಲಿಲ್ಲ. ಆ ಎರಡು ಹಲ್ಲುಚಕ್ರಗಳ ನಡುವಿನ ಸಡಿಲವನ್ನು ಕೂದಲೆಳೆಯಷ್ಟು ನಿಖರವಾಗಿ ಹೊಂದಿಸಬೇಕು; ತಪ್ಪಿದರೆ ಗಾಡಿಯು ಜನ್ಮವಿಡೀ ಊಳಿಡುತ್ತದೆ. ಕವಚಸಮೇತ ಇಡಿಯಾಗಿ ತೆಗೆದುಕೊಳ್ಳುವುದೇ ಲೇಸು. ಮಾರುವವನ ಮಾತನ್ನೂ ನಂಬಲಿಲ್ಲ. ಸೀಮೆಸುಣ್ಣದಿಂದ ಗುರುತು ಹಾಕಿ ಮುಂದಿನ ಚಾಚನ್ನು ಕೈಯಿಂದ ತಿರುಗಿಸುತ್ತ ಎಣಿಸಿದೆವು. 41ಕ್ಕೆ ಪಕ್ಕದ ಗುರುತು ಅರ್ಧ ಸುತ್ತು ಹಿಂದೆಯೇ ಇತ್ತು. 43ಕ್ಕೆ ಸರಿಯಾಗಿ ಹತ್ತು ಸುತ್ತು ಮುಗಿಸಿ ಮೇಲಕ್ಕೆ ಬಂದು ನಿಂತಿತು. ಹತ್ತು ಹಲ್ಲಿನ ಪಿನಿಯನ್ನಿಗೆ ನಲವತ್ತೊಂದರ ಬದಲು ನಲವತ್ತಮೂರು ಹಲ್ಲಿನ ಕ್ರೌನ್: ವ್ಯತ್ಯಾಸವೆಲ್ಲ ಎರಡೇ ಹಲ್ಲು.

ಜೋಡಣೆಗೆ ಒಂದು ಶನಿವಾರ ಹಿಡಿಯಿತು. ಎಣ್ಣೆ ಇಳಿಸುವ ಬಿರಡೆಗೆ ಕೈಹಚ್ಚುವ ಮುನ್ನ ತುಂಬುವ ಬಿರಡೆಯು ಬಿಚ್ಚಿಕೊಳ್ಳುವುದೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಬರಿದಾದ ಗಾಡಿಯು ಅಂಗಳದಲ್ಲೇ ಉಳಿದೀತು. ಉಳಿದದ್ದೆಲ್ಲ ಬೆವರಿನ ಕೆಲಸ. ಗಂಧಕದ ವಾಸನೆಯ ಆ ಗೇರೆಣ್ಣೆಯು ಎರಡು ಸ್ನಾನಕ್ಕೂ ಬಿಡಲಿಲ್ಲ.

ಭಾನುವಾರ ಬೆಟ್ಟ ಹತ್ತಿದೆವು. ಹುಡುಗನು ಮಾತಾಡಲಿಲ್ಲ, ಆದರೆ ಗೇರು ಇಳಿಸಲೂ ಇಲ್ಲ. ಇಂಜಿನ್ನಿನ ಶಕ್ತಿಯು ಎಳ್ಳಷ್ಟೂ ಹೆಚ್ಚಿರಲಿಲ್ಲ. ಚಕ್ರಕ್ಕೆ ಮುಟ್ಟುವ ಎಳೆತವು ನೂರಕ್ಕೆ ಐದರಷ್ಟು ಬೆಳೆದಿತ್ತು. ಕೊಟ್ಟ ಬೆಲೆಯೂ ಉಂಟು. ಆರನೆಯ ಗೇರಿನಲ್ಲಿ 70 ಮೈಲಿ ವೇಗಕ್ಕೆ 3000 ಸುತ್ತು ಸುತ್ತುತ್ತಿದ್ದ ಇಂಜಿನ್ನು ಈಗ 3150 ಸುತ್ತುತ್ತದೆ. ಎರಡನೆಯ ಗೇರು ಮೊದಲು 60 ಮೈಲಿಯವರೆಗೂ ಎಳೆಯುತ್ತಿತ್ತು; ಈಗ ಸುಮಾರು ಐವತ್ತೇಳೂವರೆಗೇ ಅದರ ಉಸಿರು ಮುಗಿಯುತ್ತದೆ. ಸೊನ್ನೆಯಿಂದ ಅರವತ್ತಕ್ಕೆ ಎಷ್ಟು ಕ್ಷಣವೆಂದು ಜಂಬ ಕೊಚ್ಚುವವರಿಗೆ ಇನ್ನೊಮ್ಮೆ ಗೇರು ಬದಲಿಸುವ ತೊಂದರೆ. ನನ್ನ ಮಟ್ಟಿಗೆ ಆ ಜಂಬವು ಹೋದರೆ ಹೋಗಲಿ.

ಹಣದ ಬಹುಭಾಗವು ಬ್ಯಾಂಕಿನಲ್ಲಿಯೇ ಉಳಿಯಿತು, ಗಾಡಿಯೂ ಉಳಿಯಿತು. ಐನೂರು ಮೈಲಿಯ ಬಳಿಕ ಎಣ್ಣೆ ಬದಲಿಸುತ್ತಿದ್ದಾಗ ಹುಡುಗನು ಗಾಡಿಯ ಕೆಳಗಿನಿಂದಲೇ, “ಮಾವ, 4.55ರದೂ ಸಿಗುತ್ತದಂತೆ!” ಎಂದ.

“ಸಿಗುತ್ತದಪ್ಪ. ಎಪ್ಪತ್ತು ಮೈಲಿಗೆ 3300 ಮೀರಿ ಸುತ್ತುತ್ತದೆ. ಹಿಂದೆ ಮಲಗಿದ ಮಗುವನ್ನು ಆಮೇಲೆ ನೀನೇ ತೂಗು,” ಎಂದೆನು.

ಅಷ್ಟರಲ್ಲಿ ತೊಟ್ಟಿಲನ್ನು ಜೋಡಿಸಿಕೊಡಬೇಕೆಂದು ಒಳಗಿನಿಂದ ಕರೆ ಬಂದಿತು. ಕೈಯಲ್ಲಿದ್ದ ಸ್ಪ್ಯಾನರುಗಳನ್ನು ಒರೆಸಿಕೊಂಡು ಇಬ್ಬರೂ ಹೋದೆವು.