ಬೈಗುಳ ಮರೆತ ಗಣಿ

ಅಪ್ಪ ಎತ್ತುಗಳ ಮೇಲೆ ಬಾರುಕೋಲು ಎತ್ತಿದವರಲ್ಲ. ಆ ಕೊರತೆಯನ್ನು ಬಾಯಿ ತುಂಬುತ್ತಿತ್ತು. ಯಾವ ಬೈಗುಳಕ್ಕೆ ತಿರುಗಬೇಕು, ಯಾವುದಕ್ಕೆ ನಿಲ್ಲಬೇಕು ಎಂಬುದು ಕರಿಯನಿಗೂ ಬಿಳಿಯನಿಗೂ ಬಾಯಿಪಾಠವಾಗಿತ್ತು. ಒಮ್ಮೆ ಅಪ್ಪನಿಗೆ ಜ್ವರ ಬಂದು ನಾನು ನೇಗಿಲು ಹಿಡಿದೆ. ಪೇಟೆಯಲ್ಲಿ ಓದಿದವನಲ್ಲವೇ, "ನಡೀರಪ್ಪಾ" ಎಂದೆ. ಕರಿಯ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತ ನಿಂತ.

ಎಷ್ಟೋ ವರ್ಷಗಳ ಮೇಲೆ, ಕ್ರೈಸ್ತ ಉಜ್ಜೀವನಗಳ, ಅಂದರೆ ಜನ ಗುಂಪುಗುಂಪಾಗಿ ವಿಶ್ವಾಸಕ್ಕೆ ಬಂದ ಅಲೆಗಳ, ಚರಿತ್ರೆ ಓದುವ ಹುಚ್ಚು ಹಿಡಿದಾಗ, ಕರಿಯನ ಆ ನೋಟ ಮತ್ತೆ ಎದುರಾಯಿತು. ಅದೂ ವೇಲ್ಸ್‌ನ ಕಲ್ಲಿದ್ದಲ ಗಣಿಯಲ್ಲಿ.

ಅಲ್ಲಿನ ಉಜ್ಜೀವನದ ನಾಯಕ ಇವಾನ್ ರಾಬರ್ಟ್ಸ್ ಹುಡುಗನಾಗಿದ್ದಾಗಲೇ ಗಣಿಗೆ ಇಳಿದವನು. 1904ರ ಅಕ್ಟೋಬರ್ 31ರಂದು ತನ್ನೂರು ಲೌಗರ್‌ನ ಮೊರಾಯ ಚಾಪೆಲ್‌ನಲ್ಲಿ, ಪ್ರಾರ್ಥನೆ ಮುಗಿದ ಮೇಲೂ ಉಳಿದ ಹದಿನೇಳು ಮಂದಿಯ ಮುಂದೆ ಮಾತನಾಡಿದ. ಆಗ ಅವನಿಗೆ ಇಪ್ಪತ್ತಾರು. ಮಾಡಿದ ಪಾಪ ಒಪ್ಪಿಕೊಳ್ಳಿ, ಅನುಮಾನದ್ದನ್ನೆಲ್ಲ ಬಿಡಿ, ಪವಿತ್ರಾತ್ಮ ಹೇಳಿದ್ದನ್ನು ತಕ್ಷಣ ಮಾಡಿ, ಕ್ರಿಸ್ತನನ್ನು ಎಲ್ಲರೆದುರು ಒಪ್ಪಿಕೊಳ್ಳಿ: ಅವನ ಬೋಧನೆಯೆಲ್ಲ ಈ ನಾಲ್ಕು ಮಾತು. ಕೆಲವೇ ತಿಂಗಳಲ್ಲಿ ಸುಮಾರು 1,00,000 ಜನ ಹೊಸದಾಗಿ ವಿಶ್ವಾಸಕ್ಕೆ ಬಂದರೆಂದು ಅಂದಾಜು. ಪತ್ರಿಕೆಗಳು ಊರೂರಿನ ಲೆಕ್ಕ ಅಚ್ಚು ಹಾಕಿದವು.

ನನಗೆ ಹಿಡಿಸಿದ್ದು ಆ ಲೆಕ್ಕವಲ್ಲ, ಕುದುರೆಗಳ ಕಥೆ. ನೆಲದಡಿಯ ಕತ್ತಲಲ್ಲಿ ಕಲ್ಲಿದ್ದಲ ಬಂಡಿ ಎಳೆಯುತ್ತಿದ್ದ ಗಿಡ್ಡ ಕುದುರೆಗಳು ಬೈಗುಳ ಕೇಳಿಯೇ ಕೆಲಸ ಕಲಿತಿದ್ದವಂತೆ. ಗಣಿಯವರು ಬೈಯುವುದನ್ನು ಬಿಟ್ಟಾಗ ಅವು ಏನೂ ತಿಳಿಯದೆ ನಿಂತುಬಿಟ್ಟವಂತೆ. ಕಥೆಗೆ ಉಪ್ಪುಖಾರ ಬಿದ್ದಿರಬಹುದು. ಆದರೂ ಮನುಷ್ಯ ಬದಲಾದನೆಂಬುದಕ್ಕೆ ಕುದುರೆಗಿಂತ ನಿಷ್ಪಕ್ಷಪಾತ ಸಾಕ್ಷಿ ಎಲ್ಲಿ ಸಿಕ್ಕೀತು?

ವೇಲ್ಸ್‌ನ ಸುದ್ದಿ ಕಡಲು ದಾಟಿತು. 1905ರಲ್ಲಿ ಖಾಸಿ ಬೆಟ್ಟಗಳಲ್ಲೂ ಪುಣೆ ಬಳಿಯ ಕೇಡಗಾಂವ್‌ನ ಮುಕ್ತಿ ಆಶ್ರಮದಲ್ಲೂ ಉಜ್ಜೀವನ ಕಾಣಿಸಿತು. ಮುಕ್ತಿಯನ್ನು ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. ಸಂಸ್ಕೃತ ಪಾಂಡಿತ್ಯಕ್ಕೆ ಕಲ್ಕತ್ತೆಯಲ್ಲಿ ಬಿರುದು ಪಡೆದಾಕೆ, ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ಹಳ್ಳಿಯ ಹೆಂಗಸರಿಗೂ ತಿಳಿಯಬೇಕೆಂದು ದೊಡ್ಡ ಮಾತುಗಳನ್ನು ದೂರವಿಟ್ಟರು. ಅಲ್ಲಿ ಬೈಗುಳ ಹೋಯಿತು, ಇಲ್ಲಿ ಪಾಂಡಿತ್ಯ ತಗ್ಗಿತು. ಉಜ್ಜೀವನ ಮೊದಲು ತಟ್ಟುವುದು ನಾಲಿಗೆಗೇ ಇರಬೇಕು.

ರಾಬರ್ಟ್ಸ್‌ನ ನಾಲಿಗೆಯೋ, ಮೌನಕ್ಕೆ ಸಂದಿತು. 1906ರ ಹೊತ್ತಿಗೆ ದೇಹ, ಮನಸ್ಸು ಎರಡೂ ಸೋತು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ಮನೆ ಸೇರಿದ. ತೀರಿಕೊಂಡದ್ದು 1951ರಲ್ಲಿ. ಉರಿದದ್ದು ಒಂದೆರಡು ವರ್ಷ, ಬದುಕಿದ್ದು ಆಮೇಲೆ ನಲವತ್ತೈದು. ನಾಯಕರ ಚರಿತ್ರೆ ಬರೆಯುವವರು ಈ ನಲವತ್ತೈದನ್ನು ಒಂದು ಪುಟದಲ್ಲಿ ಮುಗಿಸುತ್ತಾರೆ.

ಅಪ್ಪ ಹೋದ ಮೇಲೆ ಎತ್ತುಗಳನ್ನು ಪಕ್ಕದೂರಿನ ಭಜನೆಮೇಳದ ಹಿರಿಯರೊಬ್ಬರಿಗೆ ಮಾರಿದೆವು. ತಿಂಗಳೊಳಗೆ ಅವರು ನಮ್ಮ ಜಗಲಿಯಲ್ಲಿದ್ದರು. "ಮೇವು ತಿಂತಾವೆ, ಹೆಜ್ಜೆ ಇಡಲ್ಲ. ನಿಮ್ಮ ತಂದೆಯವರು ಏನಂತಿದ್ದರು?" ಒಳಗೆ ಅವ್ವ ಇದ್ದಳು. ಅವರ ಕಿವಿಯಲ್ಲಿ ಹೇಳಿದೆ. ಹಿರಿಯರು ತುಳಸಿಮಣಿ ಮುಟ್ಟಿಕೊಂಡರು, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಸಾಲಿಗೆ ಒಂದು ಸಲ ಅಂದರೆ ಸಾಕಾ?"